ಪ್ರಸಾದ ಉಂಡ ತೋಳ

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಮಠದ ಬೆನ್ನಿಗೆ ಕುರುಚಲು ಗುಡ್ಡ, ಗುಡ್ಡದಾಚೆ ಕಣ್ಣು ಹಾಯುವಷ್ಟೂ ಹುಲ್ಲುಗಾವಲು.

ಮಠದ ಗುರುಗಳನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಅವರ ಶಿಷ್ಯ ಮರುಳಸಿದ್ಧ. ಓದಿದವನು, ಚುರುಕಿನವನು. ಆದರೆ ಹಾಲು ಕೊಟ್ಟರೆ ಮೊದಲು ನೀರೆಷ್ಟು ಬೆರೆಸಿದ್ದಾರೆಂದು ನೋಡುವ ಜಾಯಮಾನ.

ಆ ಮಠದಲ್ಲೊಂದು ತೋಳವಿತ್ತು. ಗುಡ್ಡದ ಗವಿಯಲ್ಲಿ ತಾಯಿ ಸತ್ತು ಬಿದ್ದಿದ್ದಾಗ ಕಣ್ಣು ಬಿಡದ ಮರಿಯನ್ನು ಮರುಳಸಿದ್ಧ ಮಡಿಲಲ್ಲಿಟ್ಟು ತಂದಿದ್ದ. ಹಾಲೆರೆದ, ಮುದ್ದೆ ತಿನ್ನಿಸಿದ, ಶಾಂತವ್ವ ಎಂದು ಹೆಸರಿಟ್ಟ. ಪ್ರಸಾದದ ಗಂಟೆ ಬಾರಿಸಿದರೆ ಅದು ಬಂದು ಪಂಕ್ತಿಯ ಕೊನೆಗೆ ಕೂರುತ್ತಿತ್ತು.

ಮಾಂಸ ಮುಟ್ಟದ ತೋಳವೆಂದು ಸುದ್ದಿ ಹಬ್ಬಿತು. ಜನ ನೋಡಲು ಬಂದರು. ಹೆಂಗಸರು ಅದರ ಹಣೆಗೆ ವಿಭೂತಿ ಹಚ್ಚಿ ಕೈ ಮುಗಿದರು. ಮರುಳಸಿದ್ಧ ಪಕ್ಕದಲ್ಲಿ ನಿಂತು ಬೀಗಿದ.

ಒಂದು ಬೆಳಿಗ್ಗೆ ಕುರಿ ಕಾಯುವ ಮಾಳಿಂಗಪ್ಪ ಬಂದ.

“ಅಜ್ಜಯ್ಯ, ನಿಮ್ಮ ಸನ್ಯಾಸಿನಿ ನಿನ್ನೆ ನಮ್ಮ ಹಟ್ಟಿಗೆ ದಯಮಾಡಿಸಿದ್ದರು. ಮಂದೆಯ ನಡುವೆ ಕೂತಿದ್ದರು. ಬೊಗಳಿ ಬೊಗಳಿ ನಮ್ಮ ನಾಯಿಯ ಗಂಟಲು ಕಟ್ಟಿದೆ.”

“ಕುರಿ ಮುಟ್ಟಿತೇ?”

“ಇಲ್ಲ. ನನ್ನ ಕೈ ನೆಕ್ಕಿತು. ನನಗೆ ಗುರುತಿದೆ, ಬಿಟ್ಟೆ. ಈಗ ಬಡಗಣ ಸೀಮೆಯ ಕುರಿಗಾಹಿಗಳು ಮಂದೆ ಸಮೇತ ಬಂದು ಇಳಿದಿದ್ದಾರೆ. ಅವರು ಹೆಸರು ಕೇಳಿಕೊಂಡು ಬಡಿಗೆ ಎತ್ತೋರಲ್ಲ.”

ಅಜ್ಜಯ್ಯ ಶಿಷ್ಯನ ಕಡೆ ತಿರುಗಿದರು. “ಅದನ್ನು ಗುಡ್ಡದಾಚೆ ಬಿಟ್ಟು ಬಾ.”

ಮರುಳಸಿದ್ಧ ಬಿಟ್ಟು ಬಂದ. ಅವನು ಕಾಲು ತೊಳೆಯುವ ಹೊತ್ತಿಗೆ ತೋಳ ಪಂಕ್ತಿಯ ಕೊನೆಗೆ ಕೂತಿತ್ತು. ಇನ್ನೂ ದೂರ ಹೋಗಿ ಬಿಟ್ಟ. ಮತ್ತೆ ಬಂತು.

“ಇದರಲ್ಲಿ ಮಾಳಿಂಗಪ್ಪನ ಕೈವಾಡವಿದೆ ಅಜ್ಜಯ್ಯ. ದಾರಿಯಲ್ಲಿ ಏನೋ ತಿನ್ನಿಸಿ ಈ ಕಡೆಗೆ ಅಟ್ಟುತ್ತಾನೆ. ಅಡುಗೆಯವನ ಮೇಲೂ ನನಗೆ ನಂಬಿಕೆಯಿಲ್ಲ.”

“ನೀನು ಮುಂದೆ ಬಂದೆ, ಅದು ಹಿಂದೆ ಬಂತು. ಇದಕ್ಕೆ ಯಾರ ಕೈವಾಡ ಬೇಕು?”

ಮರುಳಸಿದ್ಧನ ಅನುಮಾನ ಹೋಗಲಿಲ್ಲ. ಅಜ್ಜಯ್ಯನಿಗೇ ತೋಳ ಬೇಡವಾಗಿದೆ. ಜನ ತಮ್ಮನ್ನು ಬಿಟ್ಟು ಅದಕ್ಕೆ ಕೈ ಮುಗಿಯುತ್ತಾರಲ್ಲ, ಅದು ಅವರಿಗೆ ಸಹಿಸಲಾಗುತ್ತಿಲ್ಲ. ಹೀಗೂ ಒಂದು ಯೋಚನೆ ಬಂತು.

ಮರುದಿನ ದನದ ಕೊಟ್ಟಿಗೆಯ ಹಿಂದೆ ಮೊಲದ ತುಪ್ಪಳ ಕಂಡಿತು. ರಕ್ತ ಇನ್ನೂ ಹಸಿಯಾಗಿತ್ತು. ಭಕ್ತರು ಬರುವ ಹೊತ್ತು. ಮರುಳಸಿದ್ಧ ಗಡಿಬಿಡಿಯಿಂದ ಎಲ್ಲವನ್ನೂ ಬೂದಿಗುಂಡಿಗೆ ನೂಕಿ ಮುಚ್ಚಿದ.

ಸಂಜೆ ಅಜ್ಜಯ್ಯ ಕರೆದರು. ಅವರ ಅಂಗೈಯಲ್ಲಿ ಬೂದಿ ಮೆತ್ತಿದ ತುಪ್ಪಳವಿತ್ತು.

“ಇದನ್ನೇಕೆ ಮುಚ್ಚಿದೆ?”

“ಮಠದ ಮರ್ಯಾದೆ, ಅಜ್ಜಯ್ಯ.”

“ಯಾರೂ ಹೇಳಿಕೊಡದೆ ಅದು ಕಲಿತ ವಿದ್ಯೆ ಇದೊಂದು. ಅದನ್ನೂ ಹೂತೆ.” ಅಜ್ಜಯ್ಯ ಕೈ ಕೊಡವಿಕೊಂಡರು. “ಹೊಟ್ಟೆ ಹೊರೆಯಲು ಅದಕ್ಕೆ ಬರುತ್ತದೆ. ಇನ್ನೊಂದೇ ಪಾಠ ಬಾಕಿ.”

“ಯಾವುದು?”

“ಮನುಷ್ಯನನ್ನು ಕಂಡರೆ ಅನುಮಾನ ಪಡುವುದು.”

“ಮಠದಲ್ಲಿ ಅನುಮಾನದ ಪಾಠವೇ?”

“ನಿನ್ನಲ್ಲಿ ಬೇಕಾದಷ್ಟಿದೆ. ಅದಕ್ಕೊಂದಿಷ್ಟು ಕೊಡಬಾರದಿತ್ತೇ?”

ಅವರು ಮೂಲೆಯಲ್ಲಿದ್ದ ಬಿದಿರುಕೋಲನ್ನು ಅವನ ಕೈಗಿತ್ತರು. “ಹೊಡೆದು ಓಡಿಸು.”

ಮರುಳಸಿದ್ಧ ಕೋಲನ್ನು ನೋಡಿದ, ಗುರುವಿನ ಮುಖ ನೋಡಿದ. ಒಳಗೊಳಗೇ ನಕ್ಕ. ಇಂಥ ಎಷ್ಟು ಕಥೆಗಳನ್ನು ಅವನು ಓದಿಲ್ಲ! ಗುರು ಕೋಲು ಕೊಡುತ್ತಾನೆ. ಎತ್ತಿದವನು ಸೋಲುತ್ತಾನೆ, ಕೆಳಗಿಟ್ಟವನು ಗೆಲ್ಲುತ್ತಾನೆ.

ಅವನು ಕೋಲನ್ನು ಅಜ್ಜಯ್ಯನ ಪಾದದ ಬಳಿ ಇಟ್ಟು ಕೈ ಕಟ್ಟಿ ನಿಂತ.

ಅಜ್ಜಯ್ಯ ಹೊಗಳಲಿಲ್ಲ, ಗದರಲೂ ಇಲ್ಲ. ಕೋಲನ್ನು ಎತ್ತಿ ಗೋಡೆಗೆ ಒರಗಿಸಿ ಹೊಳೆಯ ಕಡೆ ನಡೆದರು.

ಗೆದ್ದೆನೆಂದುಕೊಂಡ ಮರುಳಸಿದ್ಧ ಅಂದು ತೋಳಕ್ಕೆ ಎರಡು ಸೌಟು ಪಾಯಸ ಹೆಚ್ಚು ಬಡಿಸಿದ.

ಮಾರನೆಯ ದಿನ ಗಂಟೆ ಬಾರಿಸಿದರೂ ಪಂಕ್ತಿಯ ಕೊನೆ ಖಾಲಿಯಾಗಿತ್ತು. ಊಟ ಮುಗಿಯುವ ಹೊತ್ತಿಗೆ ಮಾಳಿಂಗಪ್ಪ ತೋಳವನ್ನು ಕಂಬಳಿಯಲ್ಲಿ ಹೊತ್ತು ತಂದ. ಹಿಂಗಾಲು ಜೋಲುತ್ತಿತ್ತು. ಹಣೆಯ ವಿಭೂತಿಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು.

“ಬಡಗಣದವರ ಬಡಿಗೆಗೆ ಅಡ್ಡ ಬಿದ್ದು ಬಿಡಿಸಿಕೊಂಡು ಬಂದೆ,” ಎಂದ ಮಾಳಿಂಗಪ್ಪ. “ಅದು ಓಡಲೇ ಇಲ್ಲ ಅಜ್ಜಯ್ಯ. ಬಡಿಗೆ ಎತ್ತಿದವನ ಮುಂದೆಯೇ ಹೋಗಿ ಕೂತಿತು, ಪ್ರಸಾದಕ್ಕೆ ಕೂತ ಹಾಗೆ.”

ತೋಳ ಮರುಳಸಿದ್ಧನ ತೊಡೆಯ ಮೇಲೆ ತಲೆಯಿಟ್ಟಿತು.

“ಅಜ್ಜಯ್ಯ, ನೀವು ಕೋಲು ಕೊಟ್ಟದ್ದು ಪರೀಕ್ಷೆ ಅಲ್ಲವೇ?”

“ಪರೀಕ್ಷೆಯೇ. ನಿನಗಲ್ಲ.”

“ಹಾಗಿದ್ದರೆ ನೀವೇ ಹೊಡೆಯಬಹುದಿತ್ತು.”

“ನಾನು ಹೊಡೆದರೆ ಓಡಿ ನಿನ್ನ ಹತ್ತಿರ ಬರುತ್ತದೆ. ನೀನು ಹೊಡೆದರೆ ಯಾರ ಹತ್ತಿರ ಹೋದೀತು?”

ಗಾಯ ಮಾಯುವವರೆಗೆ ಮರುಳಸಿದ್ಧ ಯಾರ ಮೇಲೂ ದೂರು ಹೇಳಲಿಲ್ಲ. ಮಾಯ್ದ ಮೇಲೆ ಒಂದು ಬೆಳಿಗ್ಗೆ ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು ತೋಳದೊಂದಿಗೆ ಗುಡ್ಡ ದಾಟಿದ.

ಕೋಲು ಎತ್ತಿದ. ಆಟವೆಂದುಕೊಂಡು ತೋಳ ಬಾಲ ಆಡಿಸಿತು. ಬೆನ್ನಿಗೆ ಹೊಡೆದ. ಅದು ಬೆಚ್ಚಿ ಹಿಂದೆ ಸರಿದು, ಮತ್ತೆ ಹತ್ತಿರ ಬಂದು, ಅವನೆದುರು ಕೂತಿತು.

ಮರುಳಸಿದ್ಧ ಕೋಲು ಬಿಗಿ ಹಿಡಿದ. ಮತ್ತೆ ಹೊಡೆದ. ಈ ಸಲ ಮೂತಿಗೆ.

ತೋಳ ಕುಂಯ್ ಎಂದು ದೂರ ಹೋಗಿ ನಿಂತು ತಿರುಗಿ ನೋಡಿತು. ಅವನು ಕಲ್ಲೆತ್ತಿ ಬೀಸಿದ. ಇನ್ನೊಂದು ಬೀಸಿದ. ಅದರ ಬೆನ್ನ ಕೂದಲು ನಿಮಿರಿತು, ಹಲ್ಲು ಕಂಡಿತು. ಆಮೇಲೆ ಹುಲ್ಲು ಅಲುಗಿದ್ದಷ್ಟೇ ಕಂಡಿತು.

ಅಂದಿನಿಂದ ಅಜ್ಜಯ್ಯ ಪ್ರಸಾದಕ್ಕೆ ಗಂಟೆ ಬಾರಿಸುವುದನ್ನು ನಿಲ್ಲಿಸಿದರು. ಒಬ್ಬೊಬ್ಬರನ್ನೇ ಕೂಗಿ ಊಟಕ್ಕೆ ಕರೆದರು. ತೋಳವಿಲ್ಲದೆ ಮಠದ ಮಹಿಮೆ ಹೋಯಿತೆಂದು ಕೆಲವರು ಬರುವುದನ್ನೇ ಬಿಟ್ಟರು.

ಮಳೆಗಾಲ ಕಳೆದು ಹುಲ್ಲು ಹಣ್ಣಾಯಿತು. ಸೌದೆ ತರಲು ಹೋದ ಮರುಳಸಿದ್ಧ ಏದುಸಿರು ಬಿಡುತ್ತ ಬಂದು ಅಜ್ಜಯ್ಯನೆದುರು ಕುಸಿದು ಕೂತ.

“ಕಂಡೆ, ಅಜ್ಜಯ್ಯ. ಗುಡ್ಡದ ನೆತ್ತಿಯ ಮೇಲಿತ್ತು. ಹಿಂಗಾಲು ತುಸು ಎಳೆಯುತ್ತಿತ್ತು, ಅದೇ ಅದು. ಜೊತೆಗೆ ಇನ್ನೊಂದು ತೋಳವಿತ್ತು.”

“ಒಳ್ಳೆಯದಾಯಿತಲ್ಲ.”

“ನನ್ನನ್ನು ಕಂಡದ್ದೇ ತಡ, ಓಡಿಹೋಯಿತು.” ಅವನು ಕಣ್ಣೊರೆಸಿಕೊಂಡ. “ನನ್ನ ಗುರುತು ಹಿಡಿದು ಓಡಿತೋ, ಯಾರೋ ಮನುಷ್ಯನೆಂದು ಓಡಿತೋ?”

ಅಜ್ಜಯ್ಯ ಅವನ ಪಕ್ಕಕ್ಕೆ ಬಂದು ಕೂತರು.

“ಗುರುತು ಹಿಡಿದು ಓಡಿದ್ದರೆ ಅದಕ್ಕೆ ನಿನ್ನ ನೆನಪಿದೆ. ಯಾರೋ ಎಂದು ಓಡಿದ್ದರೆ ಅದಕ್ಕೆ ಆಯುಸ್ಸಿದೆ. ಯಾವುದು ನಿಜವಾಗಲೆಂದು ಬೇಡಿಕೊಳ್ಳಲಿ, ನೀನೇ ಹೇಳು.”