ಇಲ್ಲದ ಶತ್ರು

ಜವಳಿ ವ್ಯಾಪಾರಿ ಚನ್ನಮಲ್ಲಪ್ಪನವರ ಹೊಟ್ಟೆಯ ಬೊಜ್ಜು ಊದಿ ಊದಿ, ಕೊನೆಗೆ ಅದಕ್ಕೇ ಉಸಿರು ಕಟ್ಟಿತು. "ಶತ್ರು ನುಗ್ಗಿದ್ದಾನೆ, ಬೇಗ ಬನ್ನಿ" ಎಂದು ಅದು ರಕ್ತದ ಮೂಲಕ ಸುದ್ದಿ ಕಳಿಸಿತು. ಮೈ ಕಾಯುವ ಬಿಳಿ ರಕ್ತಕಣಗಳು ದಂಡುಕಟ್ಟಿ ಬಂದವು. ಶತ್ರು ಕಾಣಲಿಲ್ಲ. ಆದರೂ ಬೊಜ್ಜು ಕೂಗು ನಿಲ್ಲಿಸದ್ದರಿಂದ ಅವು ಕಂಡಕಂಡಲ್ಲಿ ಬೆಂಕಿ ಹಚ್ಚಿದವು. ಉರಿ ಪಕ್ಕದ ಯಕೃತ್ತಿಗೂ ತಗುಲಿತು.

"ಎಲ್ಲಿ ನಿನ್ನ ಶತ್ರು?" ಎಂದು ಯಕೃತ್ತು ಕೇಳಿತು.

"ಯಾರೂ ಇಲ್ಲ. ಜಾಗ ಸಾಲದೆ ಕೂಗಿದೆ" ಎಂದಿತು ಬೊಜ್ಜು.

"ಉಬ್ಬಿದ್ದು ನೀನು, ಉರಿಯುತ್ತಿರುವುದು ನಾನು. ನಾಚಿಕೆಯಾಗುವುದಿಲ್ಲವೆ? ಇನ್ನಾದರೂ ಕರಗು."

ಅಷ್ಟರಲ್ಲಿ ಚನ್ನಮಲ್ಲಪ್ಪನವರು ಊಟದೆಲೆಯ ಮುಂದೆ ಪಕ್ಕೆ ಒತ್ತಿಕೊಳ್ಳುತ್ತಾ ಹೆಂಡತಿಗೆ ಹೇಳಿದರು: "ಯಾಕೋ ಸುಸ್ತು ಕಣೇ. ಇನ್ನೆರಡು ಹೋಳಿಗೆ ಹಾಕು, ತುಪ್ಪ ಸ್ವಲ್ಪ ಜಾಸ್ತಿ ಇರಲಿ."

ಬೊಜ್ಜು ಯಕೃತ್ತಿಗೆ, "ಕೇಳಿಸಿತಲ್ಲ, ಸ್ವಲ್ಪ ಆಚೆ ಸರಿ" ಎಂದಿತು.