ನಲವತ್ತರಲ್ಲಿ ಒಂದು

ಹೊಳೆ ದಂಡೆಯ ಮಠದಲ್ಲಿ ಅಜ್ಜಾರು ಹುಣ್ಣು, ಗಾಯಗಳಿಗೆ ಮದ್ದು ಕಟ್ಟುತ್ತಿದ್ದರು. ಅವರದೊಂದು ಪದ್ಧತಿ. ಗಾಯದೊಳಗೆ ತುರುಕಿದ ಬಟ್ಟೆಯ ಚೂರುಗಳನ್ನು ತೆಗೆಯುವಾಗ ರೋಗಿಗೆ ಕೇಳುವಂತೆ ಎಣಿಸಬೇಕು. "ಮೂರು ಹಾಕಿದ್ವಿ, ಮೂರು ತಗದ್ವಿ" ಎಂದ ಮೇಲೆಯೇ ಹೊಸ ಪಟ್ಟಿ.

ಅವರ ಬಳಿ ಕಲಿಯುವಾಗ ಎಣಿಸಲು ಮರೆತು ನೀಲಾಂಬಿಕಾ ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಕಡೆಗೆ ಅದು ಬಾಯಿಗೆ ರೂಢಿಯಾಯಿತು.

ಮುಂದೆ ಅವಳು ದೊಡ್ಡ ಡಾಕ್ಟರಾದಳು. ಸಾಸಿವೆಗಿಂತ ಸಣ್ಣ ರೋಬೋಟ್‌ಗಳನ್ನು ರಕ್ತನಾಳದೊಳಗೆ ಬಿಟ್ಟು, ಹೊರಗಿನಿಂದ ಅಯಸ್ಕಾಂತದಲ್ಲಿ ನಡೆಸಿ, ರೋಗ ಇದ್ದಲ್ಲಿಗೇ ಮದ್ದು ಮುಟ್ಟಿಸುತ್ತಿದ್ದಳು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಹೊರತೆಗೆಯಬೇಕು.

ಒಂದು ಮಧ್ಯಾಹ್ನ ಅವಳು ಮಠಕ್ಕೆ ಬಂದು ಹೊಸ್ತಿಲ ಹೊರಗೇ ಕೂತಳು.

"ಯಾಕ ತಂಗಿ, ಅಲ್ಲೇ ಕುಂತಿ?"

"ಒಳಗ ಬರಾಕ ಮುಖ ಇಲ್ರೀ ಅಜ್ಜಾರ."

ಅಜ್ಜಾರು ಹಳೆಯ ಧೋತರ ಹರಿದು ಪಟ್ಟಿ ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಗಂಗವ್ವ ಅಂತ ಒಬ್ಬಾಕಿ. ಕಾಲಾಗ ರಕ್ತ ಹೆಪ್ಪುಗಟ್ಟಿತ್ತು. ನಲವತ್ತು ರೋಬೋಟ್ ಬಿಟ್ಟೆ. ಹೆಪ್ಪು ಕರಗಿತು."

"ಛಲೋ ಆತಲ್ಲ."

"ಹೊರಗ ಬಂದದ್ದು ಮೂವತ್ತೊಂಬತ್ತು."

ಅಜ್ಜಾರು ತಲೆಯೆತ್ತಿದರು.

"ಆಕಿಗೆ ಏನ್ ಹೇಳಿದಿ?"

ನೀಲಾಂಬಿಕಾ ಮುಖ ತಗ್ಗಿಸಿದಳು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಗಿತ್ತು.

"ನೀವು ಕಲಿಸಿದಂಗ ಜೋರಾಗಿ ಹೇಳಿದೆ. ನಲವತ್ತು ಹಾಕಿದ್ವಿ, ನಲವತ್ತು ತಗದ್ವಿ ಅಂತ. ಬಾಯಿ ತಾನ ಹೇಳಿಬಿಡ್ತು. ಆಮ್ಯಾಲೆ ತಗದಿಟ್ಟ ತಟ್ಟ್ಯಾಗ ಎಣಿಸಿ ನೋಡಿದೆ, ಒಂದು ಕಡಿಮಿ ಇತ್ತು. ಅಷ್ಟರಾಗ ಗಂಗವ್ವ ನನಗ ಕೈ ಮುಗಿದಿದ್ಲು. ತಪ್ಪಾತು ಅನ್ನಾಕ ನಾಲಿಗಿ ಏಳಲಿಲ್ಲ."

"ಉಳದದ್ದು ಏನ್ ಮಾಡತೈತಿ?"

"ಏನೂ ಮಾಡದನೂ ಇರಬಹುದು. ಸರದು ಎದಿಗಿ ಹೋತಂದ್ರ ಜೀವಕ್ಕ ಕುತ್ತು."

"ತಗೀಲಿಕ್ಕೆ ಬರಂಗಿಲ್ಲೇನು?"

"ಬರತೈತ್ರಿ. ಆದ್ರ ಆಕಿಗೆ ಖರೇ ಹೇಳಬೇಕಾಗತೈತಿ. ನಾಳೆ ಮುಂಜಾನೆ ಆಕಿ ಮನಿಗಿ ಹೋಗತಾಳ. ನನ್ನ ಫೋಟೋ ದೇವರ ಜಗಲಿ ಮ್ಯಾಲೆ ಇಡತೀನಿ ಅಂತಾಳ್ರೀ ಅಜ್ಜಾರ. ನನಗ ಆಕಿ ಮುಖ ನೋಡಾಕ ಆಗವಲ್ದು."

ಅಜ್ಜಾರು ಮತ್ತೆ ಧೋತರ ಹರಿಯತೊಡಗಿದರು. ಅವಳು ದಡಬಡಿಸಿ ಒಳಗೆ ಬಂದು ಅವರ ಪಾದ ಹಿಡಿದಳು.

"ಏನಾರ ಶಿಕ್ಷಾ ಕೊಡ್ರಿ. ವರ್ಷಗಟ್ಟಲೆ ಮಠದ ಕಸಾ ಹೊಡಿತೀನಿ. ಉಪವಾಸ ಇರತೀನಿ. ನನ್ನ ಕ್ಷಮಿಸೇನಿ ಅಂತ ಒಂದು ಮಾತು ಅನ್ರಿ."

ಅವಳ ಕಣ್ಣೀರು ಪಾದದ ಮೇಲೆ ಬೀಳುತ್ತಿತ್ತು. ಅಜ್ಜಾರು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡರು.

"ಅದು ಉಳದದ್ದು ನನ್ನ ಮೈಯಾಗಲ್ಲ ತಂಗಿ. ನನ್ನ ಮುಂದ ಯಾಕ ಅಳಾಕತ್ತಿ?"