ಯಾರನ್ನು ಎಂದು ಹೇಳದ ಗಿಳಿ

ಪಕ್ಷಿಧಾಮಕ್ಕೆ ಬರುವ ಪರದೇಶದ ಅತಿಥಿಗಳ ಮುಂದೆ ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳಬೇಕೆಂದು ಪಚ್ಚೆ ಎಂಬ ಗಿಳಿಗೆ ಬಹಳ ಆಸೆ. ಒಂದು ದಿನ ಅತಿಥಿಗಳು ಬಂದೊಡನೆ ಅದು ಕೊಂಬೆಯ ತುದಿಗೆ ಬಂದು, "ಲೆಟ್ ಮಿ ಇಂಟ್ರೊಡ್ಯೂಸ್!" ಎಂದು ಕೂಗಿ ಎದೆಯುಬ್ಬಿಸಿ ನಿಂತಿತು. ಯಾರನ್ನು ಪರಿಚಯಿಸುತ್ತದೋ ಎಂದು ಅತಿಥಿಗಳು ಸುತ್ತ ನೋಡಿದರು. ಕೆಳಗಿದ್ದ ನವಿಲು ಮೆಲ್ಲಗೆ ಗರಿ ಬಿಚ್ಚಿತು. ಚಪ್ಪಾಳೆಯೆಲ್ಲ ಅದಕ್ಕೇ ಹೋಯಿತು.

"ನನ್ನ ಜಾಗ ಕದ್ದೆಯಲ್ಲ!" ಎಂದು ಪಚ್ಚೆ ಅಳುತ್ತ ರೇಗಿತು.

"ಕದಿಯಲಿಲ್ಲ, ನೀನೇ ಖಾಲಿ ಬಿಟ್ಟಿದ್ದೆ," ಎಂದಿತು ನವಿಲು.

ಪಕ್ಕದ ಕೊಂಬೆಯ ಮುದಿ ಗೊರವಂಕ ಹೇಳಿತು: "ಮಗು, ನಮ್ಮಲ್ಲಿ 'ಪರಿಚಯಿಸಿಕೊಳ್ಳುತ್ತೇನೆ' ಎಂದರೆ ಆ 'ಕೊಳ್ಳು'ವಿನೊಳಗೇ ನೀನಿರುತ್ತೀಯ. ಇಂಗ್ಲಿಷಿನ ಈ ಕ್ರಿಯಾಪದಕ್ಕೆ ಅಷ್ಟು ಸಾಲದು. ಯಾರನ್ನು ಎಂದು ಬಾಯಿಬಿಟ್ಟು ಹೇಳಬೇಕು. ನಿನ್ನನ್ನೇ ಆದರೆ 'ಮೈಸೆಲ್ಫ್' ಎನ್ನಬೇಕು."

ಮರುದಿನ ಪಚ್ಚೆ, "ಲೆಟ್ ಮಿ ಇಂಟ್ರೊಡ್ಯೂಸ್ ಮೈಸೆಲ್ಫ್!" ಎಂದು ಗಟ್ಟಿಯಾಗಿ ಹೇಳಿತು. ನವಿಲು ಗರಿ ಬಿಚ್ಚಿದರೂ ಯಾರ ಕಣ್ಣೂ ಕೊಂಬೆ ಬಿಟ್ಟು ಕದಲಲಿಲ್ಲ. "ನಿನ್ನ ಹೆಸರೇನು?" ಎಂದು ಅತಿಥಿಗಳು ಅಕ್ಕರೆಯಿಂದ ಕೇಳಿದರು.

ಪಚ್ಚೆ ತನ್ನ ಹೆಸರು ಹೇಳಿತು. ಆಮೇಲೆ ಕೆಳಗೆ ಬಗ್ಗಿ, "ನವಿಲಣ್ಣ, ನಿನ್ನ ಹೆಸರೂ ಹೇಳು. ಈಗ ನಿನ್ನನ್ನು ಪರಿಚಯಿಸುತ್ತೇನೆ," ಎಂದಿತು.